ನಾಲ್ಕು ಗಾಡಿಗೆ ಮೂರು ಕೊಟೇಶನ್

ನನಗೆ ಬೈಕ್ ಓಡಿಸಲು ಬರುವುದಿಲ್ಲ. ಹಿಂದೆ ಕೂರುವಾಗಲೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀಟಿನ ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಕೂರುವವಳು ನಾನು. ಅಂಥವಳಿಗೆ ನಾಲ್ಕು ಬೈಕು ಕೊಳ್ಳುವ ಕೆಲಸ ಬಂತು. ಚೌಕಾಸಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಮ್ಮ ಕಚೇರಿಯಲ್ಲಿ ನನಗೊಂದು ಹೆಸರಿತ್ತು. ಬೀರುವಾಗಲಿ, ಕುರ್ಚಿಯಾಗಲಿ, ಪ್ರಿಂಟರಿನ ಇಂಕಾಗಲಿ, ಹೇಳಿದ ಬೆಲೆಗೆ ನಾನು ಯಾವುದನ್ನೂ ತಂದವಳಲ್ಲ. ಆ ಹೆಸರನ್ನು ಬೇರೆಯವರಿಗಿಂತ ಹೆಚ್ಚಾಗಿ ನಾನೇ ನಂಬಿದ್ದೆ.

ನಮ್ಮದು ಹನೂರಿನಲ್ಲಿರುವ ಒಂದು ಸಣ್ಣ ಸಂಸ್ಥೆ. ಕಾಡಂಚಿನ ಊರುಗಳಲ್ಲಿ ಆಡು, ಕುರಿ, ದನಗಳಿಗೆ ಲಸಿಕೆ ಹಾಕುವ ಕೆಲಸ ಮಾಡುತ್ತೇವೆ. ಊರೂರು ತಿರುಗಲು ನಾಲ್ವರು ಕಾರ್ಯಕರ್ತರಿದ್ದಾರೆ. ಕಚೇರಿಯ ಕಾಗದ, ಕಡತ, ಖರೀದಿ ನನ್ನ ಪಾಲು. ಲಸಿಕೆಯನ್ನು ಐಸ್ ಇಟ್ಟ ಪೆಟ್ಟಿಗೆಯಲ್ಲಿ ಒಯ್ಯಬೇಕು. ಬೆಳಿಗ್ಗೆ ತುಂಬಿದ ಐಸ್ ಮಧ್ಯಾಹ್ನ ಕಳೆಯುವ ಹೊತ್ತಿಗೆ ನೀರಾಗತೊಡಗುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟರೆ ಒಂದು ಊರಿನ ಲಸಿಕೆಯೇ ಕೆಟ್ಟಂತೆ. ನಮ್ಮವರು ತಮ್ಮ ಸ್ವಂತ ಹಳೆಯ ಗಾಡಿಗಳಲ್ಲಿ ಹಲವು ವರ್ಷ ಒದ್ದಾಡಿದ ಮೇಲೆ, ಅಂತೂ ನಾಲ್ಕು ಹೊಸ ಬೈಕಿಗೆ ಮಂಜೂರಾತಿ ಸಿಕ್ಕಿತು.

ಯಾವುದೇ ದೊಡ್ಡ ಖರೀದಿಗೆ ಮೂರು ಅಂಗಡಿಗಳ ಕೊಟೇಶನ್ ಬೇಕೆಂಬುದು ನಮ್ಮ ನಿಯಮ. ಮೂರನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು, ಕಡಿಮೆ ಬೆಲೆಯದಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಖರೀದಿ ಸಮಿತಿಯ ಮುಂದಿಡಬೇಕು. ಇದು ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಎಂಬುದು ಕಚೇರಿಗಳಲ್ಲಿ ದುಡಿದವರಿಗೆಲ್ಲ ಗೊತ್ತು. ಯಾವ ಅಂಗಡಿ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಉಳಿದೆರಡು ಕೊಟೇಶನ್ನುಗಳನ್ನು ಆ ಅಂಗಡಿಯವನೇ ತನ್ನ ಸ್ನೇಹಿತರ ಲೆಟರ್‌ಹೆಡ್ಡಿನಲ್ಲಿ ಬರೆಸಿ ತಂದುಕೊಡುತ್ತಾನೆ. ನಾನು ಹಾಗೆ ಮಾಡುವವಳಲ್ಲ. ಮೂರು ಊರಿಗೂ ಹೋಗಿ, ಮೂರು ಕಡೆಯೂ ಕೇಳಿ, ಮೂರು ನಿಜವಾದ ಕಾಗದಗಳನ್ನೇ ತರುತ್ತೇನೆಂದು ಹೊರಟೆ. ಹನೂರು, ಯಳಂದೂರು, ಕೊಳ್ಳೇಗಾಲ.

ಗಾಡಿಯ ವಿಷಯ ನನಗೆ ತಿಳಿಯದ್ದರಿಂದ ಜೊತೆಗೆ ನಮ್ಮ ಹಿರಿಯ ಕಾರ್ಯಕರ್ತರನ್ನು ಕರೆದುಕೊಂಡೆ. ಅವರು ಕೌದಳ್ಳಿಯವರು. ಮಾತು ಕಡಿಮೆ, ಆಡಿದರೆ ತೂಕದ ಮಾತು. ಹೊರಡುವಾಗಲೇ ಹೇಳಿದರು.

“ಮೇಡಂ, ಗಾಡಿ ತಕಳದು ಒಂದಿನ. ಸರ್ವೀಸು ಮಾಡ್ಸದು ವರ್ಸಗಟ್ಲೆ. ಅತ್ರ ಇರೋರ ತವು ತಕಂಡ್ರ ನಮ್ಗ ಅನ್ಕೂಲ.”

“ನೋಡೋಣ” ಎಂದೆ. ಆ ‘ನೋಡೋಣ’ದಲ್ಲಿ ಬೆಲೆಯೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಮೊದಲು ಹೋದದ್ದು ಹನೂರಿನ ಅಂಗಡಿಗೆ. ಎರಡು ಶಟರಿನ ಮಳಿಗೆ. ಮುಂದೆ ಐದು ಹೊಸ ಬೈಕು, ತಲೆಯ ಮೇಲೆ ಕಂಪನಿಯ ಬಣ್ಣದ ಬೋರ್ಡು. ಒಂದು ಶಟರಿನಲ್ಲಿ ಮಾರಾಟ, ಇನ್ನೊಂದರಲ್ಲಿ ರಿಪೇರಿ. ಮಾಲೀಕ ಮೊದಲು ಮೆಕ್ಯಾನಿಕ್ ಆಗಿದ್ದವನು. ಮೂವತ್ತೈದು ಮೂವತ್ತಾರರ ಆಸುಪಾಸು. ನಮ್ಮನ್ನು ನೋಡಿ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದು ಬಂದ.

“ಬನ್ನಿ ಅಕ್ಕ, ಕುಂತ್ಕಳಿ. ಗಾಡಿ ಆಮೇಲ್ ನೋಡದು. ಅದ್ರ ಮ್ಯಾಲ ಏನ್ ಒತ್ಕಂಡ್ ಓಯ್ತೀರಿ, ಎಲ್ಗೆ ಓಯ್ತೀರಿ, ಅದ ಏಳಿ ಮೊದ್ಲು.”

ಹೇಳಿದೆವು. ಲಸಿಕೆ ಪೆಟ್ಟಿಗೆ ತನ್ನಿ ಎಂದ. ಕಚೇರಿ ಹತ್ತಿರದಲ್ಲೇ ಇತ್ತು, ಹಿರಿಯರು ಹೋಗಿ ತಂದರು. ಆತ ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿಕೊಂಡ. ಬೈಕಿನ ಹಿಂಬದಿಯ ಸೀಟಿನ ಮೇಲೆ ಪೆಟ್ಟಿಗೆ ಇಟ್ಟು ನೋಡಿದ. ಅದು ಒಂದು ಕಡೆಗೆ ವಾಲಿತು.

“ಇದೂ ಒಬ್ಬ ಸವಾರನೇ ಅಲ್ವಾ ಅಕ್ಕ? ಇದ್ಕೂ ಒಂದ್ ಸೀಟ್ ಮಾಡ್ಬೇಕು. ಕಬ್ಬಿಣದ ಕಂಬಿಲಿ ನಾನೇ ಒಂದು ಕ್ಯಾರಿಯರ್ ಕಟ್ಟಿ ಬೆಸುಗೆ ಆಕ್ಕೊಡ್ತೀನಿ. ಒಳ್ಗ ರಬ್ಬರ್ ಇಟ್ರ ಕುಲುಕಾಡಲ್ಲ.”

ಅಂಗಡಿಯ ಸ್ಥಿತಿಗತಿಯನ್ನೂ ಅವನೇ ಬಿಚ್ಚಿ ಹೇಳಿದ. ಅವನದು ಸಬ್ ಡೀಲರ್‌ಶಿಪ್. ಗಾಡಿ ಬರುವುದು ಕೊಳ್ಳೇಗಾಲದ ದೊಡ್ಡ ಶೋರೂಮಿನಿಂದ. ಮಾರಿದ ಪ್ರತಿ ಗಾಡಿಗೂ ಇಷ್ಟೆಂದು ಅವರು ಇವನಿಗೆ ಕೊಡುತ್ತಾರೆ. ಉಚಿತ ಸರ್ವೀಸಿನ ಕೂಪನ್ ತೆಗೆದುಕೊಳ್ಳುವ ಅಧಿಕಾರ ಇವನಿಗಿನ್ನೂ ಇಲ್ಲ. ಅದಕ್ಕಾಗಿ ಅವನು ಎರಡು ವರ್ಷದಿಂದ ಕಾಯುತ್ತಿದ್ದ.

“ಈ ಸಲ ಇನ್ನ ನಾಕ್ ಗಾಡಿ ಮಾರುದ್ರ ಸರ್ವೀಸ್ ಪಾಯಿಂಟ್ ಕೊಡ್ತೀವಿ ಅಂದವ್ರ ಅಕ್ಕ. ಗಾಡಿ ಎತ್ತೋ ಲಿಫ್ಟ್‌ಗೂ ಏಳ್‌ಮಡಗಿವ್ನಿ. ನಿಮ್ದು ಸರಿಯಾಗಿ ನಾಕೇ ಗಾಡಿ ನೋಡಿ” ಎಂದು ನಕ್ಕ. ಆ ನಗುವಿನಲ್ಲಿ ಆಸೆ ಎದ್ದು ಕಾಣುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿ, ಇವನು ಬೆಲೆ ಇಳಿಸುತ್ತಾನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ.

ಬೆಲೆ ಬರೆದುಕೊಡಲು ಅವನು ಎರಡು ದಿನ ಕೇಳಿದ. ಅಷ್ಟರಲ್ಲಿ ನಾವು ಯಳಂದೂರಿಗೆ ಹೋದೆವು. ಅಲ್ಲಿದ್ದದ್ದು ಬೇರೆ ಕಂಪನಿಯ ಗಾಡಿ. ಅಂಗಡಿಯಲ್ಲಿ ಕೂತಿದ್ದ ವಯಸ್ಸಾದ ಯಜಮಾನರು ಹೊನ್ನೂರು ಕಡೆಯ ಗದ್ದೆಗಳಿಗೆ ಓಡಾಡುವವರಿಗೆ ಆ ಗಾಡಿ ಚೆನ್ನಾಗಿ ಒಗ್ಗಿದೆ ಎಂದರು. ಆಮೇಲೆ ನಮ್ಮ ಹಿರಿಯರ ಕಡೆ ತಿರುಗಿ, “ನೀವು ಓಡಾಡೋ ಕಲ್ಲು ರಸ್ತೆಗ ಇದು ತಗ್ಗಾಯ್ತದ ಕಣಪ್ಪ, ತಳ ತಗಲ್ತದ. ನಮ್ ಸರ್ವೀಸೂ ಅಲ್ಗ ಬರಲ್ಲ. ತಕಳಿ ಅಂತ ನಾನ್ ಏಳಲ್ಲ” ಎಂದರು. ಆದರೂ ಕೇಳಿದ್ದಕ್ಕೆ ಅಚ್ಚುಕಟ್ಟಾಗಿ ಕೊಟೇಶನ್ ಕೊಟ್ಟರು. ಕಡತಕ್ಕೆ ಒಂದು ಕಾಗದ ಬಂತು.

ಮರುದಿನ ಕೊಳ್ಳೇಗಾಲ. ಗಾಜಿನ ಗೋಡೆ, ತಣ್ಣನೆಯ ಗಾಳಿ, ಕಾಲು ಜಾರುವಂಥ ನೆಲ. ಟೈ ಕಟ್ಟಿದ ಮಾರಾಟದ ಮ್ಯಾನೇಜರ್ ನಮ್ಮನ್ನು ಕೂರಿಸಿದ. ನನಗೆ ಒಂದು ಲೋಟ ನೀರು ಕೊಟ್ಟು, ಮಾತೆಲ್ಲ ನಮ್ಮ ಹಿರಿಯರ ಜೊತೆ ಆಡಿದ. ನಾನು ಕೇಳಿದ ಪ್ರಶ್ನೆಗೂ ಉತ್ತರ ಅವರಿಗೇ ಹೋಗುತ್ತಿತ್ತು.

“ಹ್ಯಾಂಡ್ಲಿಂಗ್ ಚಾರ್ಜ್ ಅಂತ ಹಾಕಿದ್ದೀರಲ್ಲ, ಅದು ಯಾವುದಕ್ಕೆ?” ಎಂದೆ.

ಅವನು ಹಿರಿಯರನ್ನು ನೋಡಿ, “ಸಾರ್, ಅದು ಎಲ್ಲಾ ಕಡೆ ಇರುತ್ತೆ” ಎಂದ.

“ವಿಮೆ ನಾವೇ ಹೊರಗಡೆ ಮಾಡಿಸಿದರೆ?”

“ಸಾರ್, ಹಾಗೆಲ್ಲ ಮಾಡಿದ್ರೆ ಗಾಡಿ ಕೈಗೆ ಬರೋದು ಲೇಟಾಗುತ್ತೆ.”

ನಮ್ಮ ಹಿರಿಯರಿಗೆ ಮುಜುಗರವಾಗಿ, “ಕೇಳ್ತಿರೋರು ಅವ್ರು ಕಣ್ರಿ. ಅವರ್ಗೇ ಏಳಿ” ಎಂದರು. ಮ್ಯಾನೇಜರ್ ನನ್ನತ್ತ ತಿರುಗಿ ಹಲ್ಲು ಕಿರಿದ. ಮೈಯೆಲ್ಲ ಉರಿದುಹೋಯಿತು. ಆದರೂ ಕೊಟೇಶನ್ ತೆಗೆದುಕೊಂಡು ಎದ್ದೆ. ಶೋರೂಮ್ ಬೆಲೆ, ವಿಮೆ, ನೋಂದಣಿ, ಹ್ಯಾಂಡ್ಲಿಂಗ್, ನಾವು ಕೇಳದೇ ಇದ್ದ ಪಾಲಿಶ್ ಲೇಪನ, ಎಲ್ಲ ಸೇರಿಸಿ ಬೆಲೆಯನ್ನು ಚೆನ್ನಾಗಿಯೇ ಉಬ್ಬಿಸಿದ್ದರು.

ಮೂರನೆಯ ದಿನ ಹನೂರಿನವನ ಅಂಗಡಿಗೆ ಮತ್ತೆ ಹೋದೆ. ಅವನು ಬಾಯಲ್ಲಿ ಹೇಳಿದ ಬೆಲೆ ಕೇಳಿ ನನಗೇ ಆಶ್ಚರ್ಯವಾಯಿತು. ಕೊಳ್ಳೇಗಾಲಕ್ಕಿಂತ ಗಾಡಿಗೆ ಮೂರು ಸಾವಿರ ಕಡಿಮೆ. ಮೇಲೆ ಕ್ಯಾರಿಯರ್ ಉಚಿತ, ಹೆಲ್ಮೆಟ್ ಎರಡೆರಡು.

“ನಂಗ ಬರೋದ್ರಲ್ಲಿ ಮುಕ್ಕಾಲ್ ಭಾಗ ಬುಟ್ಬುಟ್ಟಿವ್ನಿ ಅಕ್ಕ. ಸರ್ವೀಸ್ ಪಾಯಿಂಟ್ ಬಂದ್ರ ಆಮೇಲ್ ನಾನ್ ನೋಡ್ಕತೀನಿ.”

“ಬರೆದು ಕೊಡಪ್ಪ.”

ಅವನು ತಲೆ ಕೆರೆದುಕೊಂಡ. “ಬಾಯ್ಮಾತ್ನಲ್ಲೇ ಆಗಲ್ವಾ ಅಕ್ಕ?”

“ಕಡತಕ್ಕೆ ಬಾಯಿ ಮಾತು ಹಾಕೋಕಾಗುತ್ತಾ? ಬರೆದು, ಸಹಿ ಮಾಡಿ, ಸೀಲು ಹಾಕು. ಸೀಲಿಲ್ಲದ ಕಾಗದ ನಾನು ಮುಟ್ಟಲ್ಲ.”

ಈ ಮಾತನ್ನು ನಾನು ಎಷ್ಟು ಅಂಗಡಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಅವನು ಲೆಟರ್‌ಹೆಡ್ಡಿನ ಹಾಳೆ ತೆಗೆದು, ಶಾಲೆಯ ಹುಡುಗರಂತೆ ದುಂಡಗೆ ಒಂದೊಂದೇ ಸಾಲು ಬರೆದ. ಸಹಿ ಮಾಡಿದ. ಸೀಲನ್ನು ಇಂಕಿನ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಹಿಡಿದು, ಒತ್ತುವ ಮೊದಲು ನನ್ನ ಮುಖ ನೋಡಿದ.

“ಅಕ್ಕ, ಇದ್ನ ನಿಮ್ ಫೈಲಲ್ಲೇ ಮಡೀಕಳಿ. ಕೊಳ್ಳೇಗಾಲದವರ್ಗ ಮಾತ್ರ ತೋರಿಸ್ಬ್ಯಾಡಿ.”

“ಆಯ್ತು ಆಯ್ತು” ಎಂದೆ. ಸೀಲು ಬಿತ್ತು.

ಆ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಕಾರಣವನ್ನು ನಾನು ಹಲವು ಸಲ ಹುಡುಕಿಕೊಂಡಿದ್ದೇನೆ. ನಮ್ಮ ಕಡೆ ಯಾವ ಅಂಗಡಿಯವನು ತಾನೇ ಈ ಮಾತು ಹೇಳುವುದಿಲ್ಲ? ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಕೊಳ್ಳಲು ಹೋದರೆ, “ನಿಮಗೆ ಅಂತ ಈ ರೇಟು, ಹೊರಗೆ ಯಾರಿಗೂ ಹೇಳಬೇಡಿ” ಎನ್ನುತ್ತಾರೆ. ಪಕ್ಕದಲ್ಲಿ ಕೂತವಳಿಗೂ ಅದೇ ರೇಟು, ಅದೇ ಮಾತು. ಕೇಳಿ ಕೇಳಿ ನಮಗೆ ಅದು ಮಾತೇ ಅಲ್ಲ ಎನ್ನುವಂತಾಗಿದೆ. ಸೀರೆಯ ಪೊಟ್ಟಣದ ಜೊತೆ ಕೊಡುವ ಕ್ಯಾಲೆಂಡರಿನ ಹಾಗೆ ಅದನ್ನೂ ಕೊಡುತ್ತಾರೆ. ಇವನದೂ ಅಂಥದೇ ಎಂದುಕೊಂಡೆ. ಅವನ ಮುಖವನ್ನು ಸರಿಯಾಗಿ ನೋಡಿದ್ದರೆ ಇದು ವ್ಯಾಪಾರದ ಮಾತಲ್ಲ ಎಂದು ತಿಳಿಯುತ್ತಿತ್ತು. ನಾನು ನೋಡುತ್ತಿದ್ದದ್ದು ಸೀಲು ಸ್ಪಷ್ಟವಾಗಿ ಬಿತ್ತೋ ಇಲ್ಲವೋ ಎಂಬುದನ್ನು.

ಅಲ್ಲಿಗೆ ಕೆಲಸ ಮುಗಿದಿತ್ತು. ಮೂರು ಕಾಗದ ಕೈಯಲ್ಲಿದ್ದವು, ಹನೂರಿನದೇ ಕಡಿಮೆ. ಕೆಂಪು ಗುರುತು ಹಾಕಿ ಸಮಿತಿಯ ಮುಂದಿಟ್ಟಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಹಾಳೆ ಬರೆಯಲು ಕೂತಾಗ ಕೊಳ್ಳೇಗಾಲದ ಕೊಟೇಶನ್ನಿನಲ್ಲಿ ತೆರಿಗೆ ಸಂಖ್ಯೆ ಬಿಟ್ಟುಹೋಗಿರುವುದು ಕಂಡಿತು. ಫೋನಿನಲ್ಲಿ ಕೇಳಿ ಬರೆದುಕೊಂಡರೆ ಸಾಕಾಗಿತ್ತು. ಆದರೆ ನಾನು ನಿಯಮದ ಹೆಂಗಸು. ಸರಿಯಾದ ಕಾಗದವೇ ಬೇಕೆಂದು ಮಾರನೆಯ ಬೆಳಿಗ್ಗೆ ಹಿರಿಯರನ್ನು ಕರೆದುಕೊಂಡು ಕೊಳ್ಳೇಗಾಲಕ್ಕೆ ಮತ್ತೆ ಹೋದೆ. ನಿಯಮವೊಂದೇ ಕಾರಣ ಎಂದರೆ ಅದೂ ಸುಳ್ಳು. ಆ ಮ್ಯಾನೇಜರಿನ ಮುಂದೆ ಇನ್ನೊಂದು ಸಲ ಕೂರಬೇಕಿತ್ತು ನನಗೆ.

ಅವನು ತೆರಿಗೆ ಸಂಖ್ಯೆ ಹಾಕಿ ಹೊಸ ಹಾಳೆ ಕೊಟ್ಟ. ಕೊಡುವಾಗ ಹೇಳಿದ: “ಮೇಡಂ, ಇದಕ್ಕಿಂತ ಕಮ್ಮಿಗೆ ಈ ಕಡೆ ಯಾರೂ ಕೊಡಲ್ಲ. ಒಂದು ಕೆಲಸ ಮಾಡಿ. ನಿಮ್ಮ ಮನೆಯವರನ್ನ ಒಂದ್ಸಲ ಕರ್ಕೊಂಡು ಬನ್ನಿ. ಗಾಡಿ ವಿಷಯ ಅವರಿಗೆ ಅರ್ಥ ಮಾಡಿಸ್ತೀನಿ.”

ನನ್ನ ಮನೆಯವರು ಸತ್ತೇಗಾಲದಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಅವರಿಗೂ ಈ ನಾಲ್ಕು ಬೈಕಿಗೂ ಎಲ್ಲಿಯ ಸಂಬಂಧ? ಇಪ್ಪತ್ತು ವರ್ಷ ಕಚೇರಿ ನಡೆಸಿದವಳು ನಾನು. ಕೈ ತಾನಾಗಿಯೇ ಕಡತಕ್ಕೆ ಹೋಯಿತು. ಹನೂರಿನ ಕಾಗದವನ್ನು ತೆಗೆದು ಮೇಜಿನ ಮೇಲೆ ಬಡಿದಂತೆ ಇಟ್ಟೆ.

“ಯಾರೂ ಕೊಡಲ್ವಾ? ಓದಿ ನೋಡಿ. ಸೀಲೂ ಇದೆ.”

ಪಕ್ಕದಲ್ಲಿದ್ದ ಹಿರಿಯರು “ಮೇಡಂ...” ಎಂದರು. ಅಷ್ಟೇ ಅಂದರು. ನಾನು ಅವರ ಕಡೆ ತಿರುಗಲಿಲ್ಲ.

ಮ್ಯಾನೇಜರಿನ ನಗು ಹೋಯಿತು. ಅದನ್ನು ನೋಡಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅವನು ಕಾಗದವನ್ನು ಎರಡು ಸಲ ಓದಿ, ಗಾಜಿನ ಕೋಣೆಯೊಳಗಿದ್ದ ಮಾಲೀಕರನ್ನು ಕರೆದುಕೊಂಡು ಬಂದ. ಮಾಲೀಕರು ನನಗೆ ಕೈಮುಗಿದರು. ಕುರ್ಚಿ ಎಳೆದುಕೊಂಡು ನನ್ನೆದುರಿಗೇ ಕೂತು, ನನ್ನೊಡನೆಯೇ ಮಾತಾಡಿದರು. “ಆಫೀಸ್ ರೆಕಾರ್ಡಿಗೆ ಒಂದು ಫೋಟೋ ತಗೊಳ್ಳಲಾ ಮೇಡಂ?” ಎಂದು ಕೇಳಿದರು. ತಗೊಳ್ಳಿ ಎಂದೆ. ಮಡಿಸಿದ್ದ ಕಾಗದ ಮೇಲೇಳುತ್ತಿತ್ತು. ಫೋಟೋ ಸರಿಯಾಗಿ ಬರಲೆಂದು ನಾನೇ ಅದರ ಅಂಚನ್ನು ಬೆರಳಿಂದ ಒತ್ತಿ ಹಿಡಿದೆ.

ಹತ್ತು ನಿಮಿಷದಲ್ಲಿ ಹೊಸ ಕೊಟೇಶನ್ ಬಂತು. ಹ್ಯಾಂಡ್ಲಿಂಗ್ ಇಲ್ಲ, ಪಾಲಿಶ್ ಇಲ್ಲ. ಹನೂರಿಗಿಂತ ಗಾಡಿಗೆ ಐನೂರು ರೂಪಾಯಿ ಕಡಿಮೆ. ಹೆಲ್ಮೆಟ್ ಎರಡೆರಡು, ಕಾಫಿ ಬೇರೆ.

ಹಿಂದಿರುಗುವಾಗ ಬಸ್ಸಿನಲ್ಲಿ ಹಿರಿಯರು ಕೇಳಿದರು.

“ಐನೂರ್ ರೂಪಾಯ್ಗ ಅಲ್ಗ ಓಗದಾ ಮೇಡಂ? ಕ್ಯಾರಿಯರ್ ಇಲ್ಲ, ಅತ್ರ ಇಲ್ಲ.”

“ಸಂಸ್ಥೆ ದುಡ್ಡು. ಕಡಿಮೆ ಇರೋದು ಬಿಟ್ಟು ಜಾಸ್ತಿ ಇರೋದಕ್ಕೆ ಗುರುತು ಹಾಕಿದರೆ ನನ್ನನ್ನ ಕೇಳಲ್ವಾ ಸಮಿತಿಯವರು?”

“ಕೇಳುದ್ರ ನಾನ್ ಏಳ್ತಿದ್ದಿ” ಎಂದರು. ನಿಯಮದಲ್ಲಿ ಕಾರಣ ಬರೆದು ಹೆಚ್ಚಿನ ಬೆಲೆಯದನ್ನು ಒಪ್ಪಲು ಅವಕಾಶವಿತ್ತು. ‘ಸರ್ವೀಸಿಗೆ ಹತ್ತಿರ’ ಎಂದು ಎರಡು ಪದ ಬರೆದರೆ ಸಾಕಿತ್ತು. ನಾನು ಬರೆಯಲಿಲ್ಲ. ಸಮಿತಿಯಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಹೊಗಳಿಕೆ ರುಚಿಯಾಗಿತ್ತು.

ಆರ್ಡರ್ ಕೊಳ್ಳೇಗಾಲಕ್ಕೆ ಹೋಯಿತೆಂದು ಹನೂರಿನವನಿಗೆ ನಾನೇ ಫೋನ್ ಮಾಡಿ ಹೇಳಿದೆ. ಅಷ್ಟಾದರೂ ಮಾಡಿದೆನಲ್ಲ ಎಂದು ಆಗ ಅಂದುಕೊಂಡಿದ್ದೆ.

“ಆಯ್ತಕ್ಕ. ನಿಮ್ ನಿಯ್ಮ ನಿಮ್ಗ. ಒಂದ್ ಮಾತು... ಆ ಕಾಗ್ದ ನಿಮ್ ತವೇ ಅದಾ?”

“ಕಡತದಲ್ಲಿದೆ” ಎಂದೆ.

ಕಾಗದ ಕಡತದಲ್ಲೇ ಇತ್ತು. ನಾನು ಸುಳ್ಳು ಹೇಳಲಿಲ್ಲ. ಆದರೆ ಅವನು ಕೇಳಿದ್ದು ಅದನ್ನಲ್ಲ ಎಂಬುದು ಆ ಕ್ಷಣದಲ್ಲೇ ನನಗೆ ಗೊತ್ತಾಗಿತ್ತು. ಫೋನ್ ಇಟ್ಟು ಬೇರೆ ಕೆಲಸ ಹಿಡಿದೆ.

ಗಾಡಿಗಳನ್ನು ತರುವ ದಿನ ನಾಲ್ವರು ಕಾರ್ಯಕರ್ತರೂ ಬಂದರು. ಚಾಸಿ ಸಂಖ್ಯೆಯನ್ನು ಕಾಗದದ ಜೊತೆ ತಾಳೆ ನೋಡಿದೆವು. ತಯಾರಾದ ತಿಂಗಳು ನೋಡಿದೆವು. ಎರಡೆರಡು ಕೀಲಿ, ಟೂಲ್ ಕಿಟ್, ಬ್ಯಾಟರಿಯ ವಾರಂಟಿ ಚೀಟಿ, ಎಲ್ಲಕ್ಕೂ ನಾನು ಟಿಕ್ ಹಾಕಿಕೊಂಡೆ. ಚಕ್ರದಡಿ ನಿಂಬೆಹಣ್ಣು ಒಡೆಯಿತು, ಹಾರ ಹಾಕಿದರು, ಫೋಟೋ ತೆಗೆದರು. ನನ್ನ ಪಟ್ಟಿಯಲ್ಲಿ ಟಿಕ್ ಬೀಳದೆ ಉಳಿದದ್ದು ಕ್ಯಾರಿಯರ್ ಒಂದೇ. “ಹೊರಗಡೆ ಎಲ್ಲಾದ್ರೂ ಮಾಡಿಸ್ಕೊಳ್ಳಿ ಮೇಡಂ, ನಮ್ಮಲ್ಲಿ ಆ ಥರದ್ದು ಬರಲ್ಲ” ಎಂದ ಮ್ಯಾನೇಜರ್. ಸದ್ಯಕ್ಕೆ ರಬ್ಬರ್ ಹಗ್ಗದಲ್ಲಿ ಪೆಟ್ಟಿಗೆ ಕಟ್ಟಿಕೊಳ್ಳಿ ಎಂದು ನಮ್ಮವರಿಗೆ ಹೇಳಿದೆ.

ರಬ್ಬರ್ ಹಗ್ಗ ಮೂರು ವಾರ ತಡೆಯಿತು. ಕೌದಳ್ಳಿಯಿಂದಾಚೆ ಒಂದು ಊರಿನಲ್ಲಿ ಕರುಳು ಬೇನೆಯ ಲಸಿಕೆ ಹಾಕುವ ದಿನ, ಹಳ್ಳದ ಇಳಿಜಾರಿನಲ್ಲಿ ಹಗ್ಗದ ಕೊಕ್ಕೆ ಕಳಚಿ ಪೆಟ್ಟಿಗೆ ಉರುಳಿಬಿತ್ತು. ಮುಚ್ಚಳ ಹಾರಿತು, ಐಸ್ ಚೆಲ್ಲಿತು, ಬಾಟಲಿಗಳು ಕಲ್ಲಿಗೆ ಬಡಿದು ಒಡೆದವು. ಊರವರು ಆಡುಗಳನ್ನು ಮೇಯಲು ಬಿಡದೆ, ಹಟ್ಟಿಯಲ್ಲೇ ಕೂಡಿಕೊಂಡು ಕಾಯುತ್ತಿದ್ದರು. ನಮ್ಮ ಹಿರಿಯರು ಬರಿಗೈಯಲ್ಲಿ ಹೋಗಿ ನಿಂತು ಹೇಳಬೇಕಾಯಿತು. ಒಬ್ಬ ಮುದುಕಿ, “ನಿಮ್ನ ನಂಬ್ಕಂಡು ಮರಿಗೋಳ್ನೆಲ್ಲ ಉಪಾಸ ಕೆಡವಿವ್ನಲ್ಲಪ್ಪ” ಎಂದಳಂತೆ. ಅವರು ಕಚೇರಿಗೆ ಬಂದು ಒಡೆದ ಪೆಟ್ಟಿಗೆಯನ್ನು ನನ್ನ ಮೇಜಿನ ಪಕ್ಕ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊದಲ ಸರ್ವೀಸಿನ ಸಮಯ ಬಂತು. ಕೊಳ್ಳೇಗಾಲದಲ್ಲಿ ಸರದಿ. ಬೆಳಿಗ್ಗೆ ಗಾಡಿ ಬಿಟ್ಟರೆ ಸಂಜೆಗೆ ಕೈಗೆ. ನಾಲ್ಕು ಗಾಡಿಗೆ ನಾಲ್ಕು ದಿನದ ಕೆಲಸ ಹೋಯಿತು. ಅದು ಸಾಲದೆಂಬಂತೆ ಒಂದು ಗಾಡಿಯ ಕ್ಲಚ್ ಬಿಗಿಯಾಯಿತು. ಅಷ್ಟು ಸಣ್ಣ ಕೆಲಸಕ್ಕೆ ಕೊಳ್ಳೇಗಾಲವೇಕೆ, ಹನೂರಿನವನ ಹತ್ತಿರ ತೋರಿಸಿ ಬನ್ನಿ ಎಂದು ಹಿರಿಯರನ್ನು ಕಳಿಸಿದೆ. ಅವರು ಹಿಂತಿರುಗಿ ಬಂದು ನನ್ನ ಮೇಜಿನ ಎದುರು ನಿಂತರು.

“ಕ್ಲಚ್ ಸರಿಯಾಯ್ತು ಮೇಡಂ. ದುಡ್ಡ ತಕನಿಲ್ಲ. ಅಂಗ್ಡಿ ಬೋರ್ಡ್ ಇಲ್ಲ ಮೇಡಂ.”

“ಬೋರ್ಡ್ ಇಲ್ಲ ಅಂದ್ರೆ?”

“ಸಬ್ ಡೀಲರ್ ಕಿತ್ಕಂಡ್ಬುಟ್ಟವ್ರ. ಒಂದ್ ಹೊಸ ಗಾಡೀನೂ ಇಲ್ಲ. ಶೋರೂಮ್ನವರು ಹೇಳಿದ ರೇಟ್ಗಿಂತ ಕಮ್ಮಿ ಬರ್ದು ಸೀಲ್ ಆಕಿದ್ದಕ್ಕಂತ. ಒಂದ್ ಶಟರ್ ಬಾಡ್ಗ ಬುಟ್ಟವ್ನ, ಈಗ ಬರೀ ರಿಪೇರಿ.” ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೇಳಿದರು: “ನಾವ್ ಶೋರೂಮಲ್ಲಿ ಕಾಗ್ದ ತೋರ್ಸುದ್ವಲ್ಲ, ಅವತ್ತೇ ಅವನ್ಗ ಫೋಟೋ ಕಳ್ಸುದ್ರಂತ. ನಂಗೂ ತೋರ್ಸುದ. ಕಾಗ್ದದ ಮ್ಯಾಲ ನಿಮ್ ಬೆರ್ಳು ಅದ ಮೇಡಂ. ಉಂಗ್ರ ಗುರ್ತು ಸಿಕ್ತದ.”

ಅವತ್ತೇ ಎಂದರೆ, ನಾನು ಫೋನ್ ಮಾಡುವುದಕ್ಕೆ ಮೊದಲೇ. ‘ಆ ಕಾಗ್ದ ನಿಮ್ ತವೇ ಅದಾ’ ಎಂದು ಅವನು ಕೇಳಿದಾಗ ಆ ಫೋಟೋ ಅವನ ಕೈಯಲ್ಲೇ ಇತ್ತು. ನನಗೆ ನಿಜ ಹೇಳಲು ಒಂದು ಅವಕಾಶ ಕೊಟ್ಟಿದ್ದ. ನಾನು ‘ಕಡತದಲ್ಲಿದೆ’ ಎಂದಿದ್ದೆ. ನಾಚಿಕೆ ಎಂದರೆ ಏನೆಂದು ಆ ಮಧ್ಯಾಹ್ನ ನನಗೆ ಗೊತ್ತಾಯಿತು.

ಮಾರನೆಯ ದಿನವೇ ಕೊಳ್ಳೇಗಾಲಕ್ಕೆ ಹೋಗಿ ಶೋರೂಮಿನ ಮಾಲೀಕರೆದುರು ಕೂತೆ. ತಪ್ಪು ನನ್ನದು, ಅವನಿಗೆ ಡೀಲರ್‌ಶಿಪ್ ವಾಪಸ್ ಕೊಡಿ ಎಂದು ಕೇಳಿಕೊಂಡೆ. ಬೇಡಿಕೊಂಡೆ ಎಂದರೂ ಸರಿ. ಅವರು ಮರ್ಯಾದೆಯಿಂದಲೇ ಮಾತಾಡಿದರು.

“ಮೇಡಂ, ಒಬ್ಬ ಹೀಗೆ ಕಮ್ಮಿ ಮಾಡಿದ್ರೆ ನನ್ನ ಬೇರೆ ಸಬ್ ಡೀಲರುಗಳು ಸುಮ್ಮನಿರ್ತಾರಾ? ನಮಗೂ ಗುಮಾನಿ ಇತ್ತು, ಕೈಗೆ ಪ್ರೂಫ್ ಸಿಕ್ಕಿರಲಿಲ್ಲ. ನೀವು ತಂದುಕೊಟ್ರಿ. ಹನೂರಿಗೆ ಹೊಸ ಸಬ್ ಡೀಲರನ್ನ ನೋಡಿದ್ದೂ ಆಯ್ತು.” ಮ್ಯಾನೇಜರನ್ನು ಕರೆದು ನನಗೆ ಕಾಫಿ ತರಲು ಹೇಳಿದರು. ನಾನು ಕುಡಿಯದೆ ಎದ್ದು ಬಂದೆ. ಅದೂ ಒಂದು ದೊಡ್ಡ ತ್ಯಾಗವೇ?

ಹನೂರಿನ ಅಂಗಡಿಗೆ ಹೋಗಲು ಮತ್ತೆ ಒಂದು ವಾರ ಬೇಕಾಯಿತು ನನಗೆ. ದಿನವೂ ಬಸ್ಸಿಳಿದು ಆ ರಸ್ತೆಯನ್ನು ಬಿಟ್ಟು ಸುತ್ತುಬಳಸಿ ಕಚೇರಿಗೆ ನಡೆಯುತ್ತಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಹಿರಿಯರ ಗಾಡಿಯ ಹಿಂದೆ ಕೂತು ಹೋದೆ. ಬೋರ್ಡಿದ್ದ ಕಡೆ ಗೋಡೆಯ ಬಣ್ಣ ಹೊಸದಾಗಿ ಕಾಣುತ್ತಿತ್ತು. ಪಕ್ಕದ ಶಟರಿನಲ್ಲಿ ಯಾರೋ ರಸಗೊಬ್ಬರದ ಮೂಟೆ ಇಳಿಸುತ್ತಿದ್ದರು. ಅವನು ಒಂದು ಹಳೆಯ ಮೊಪೆಡ್ ಬಿಚ್ಚಿಕೊಂಡು ಕೂತಿದ್ದ. ಎದ್ದು ಕೈ ಒರೆಸಿಕೊಂಡು ಸ್ಟೂಲು ಎಳೆದು ಹಾಕಿದ.

“ಬನ್ನಿ ಅಕ್ಕ, ಕುಂತ್ಕಳಿ.”

“ತಪ್ಪು ಮಾಡಿದೆ ಕಣಪ್ಪ. ನಿನಗೆ ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ” ಎಂದೆ.

ಅವನು ಮೊಪೆಡ್ಡಿನ ನಟ್ಟೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದ: “ಗೊತ್ತಿರ್ನಿಲ್ಲ ಅಂತ ನಂಗೂ ಗೊತ್ತು ಅಕ್ಕ. ಗೊತ್ತಿದ್ದು ಮಾಡೋರಲ್ಲ ನೀವು. ಆದ್ರ ನಾನ್ ಬ್ಯಾಡಿ ಅಂತ ಏಳಿದ್ನಲ್ಲ.”

ಅಷ್ಟೇ. ಧ್ವನಿ ಏರಲಿಲ್ಲ. ನಾನು ತಲೆ ತಗ್ಗಿಸಿದೆ.

ಅವನು ಒಳಗೆ ಹೋಗಿ ಒಂದು ಮೂಲೆಯಿಂದ ಕಬ್ಬಿಣದ ಚೌಕಟ್ಟೊಂದನ್ನು ತಂದ. ನಾಲ್ಕು ಕಡೆ ಕಂಬಿ, ತಳಕ್ಕೆ ಪಟ್ಟಿ, ಒಳಗೆ ಹಳೆಯ ಟ್ಯೂಬು ಕತ್ತರಿಸಿ ಅಂಟಿಸಿದ ರಬ್ಬರು. ಧೂಳು ಹಿಡಿದಿತ್ತು. ಗೋಡೆಯ ಮೇಲೆ ಸೀಮೆಸುಣ್ಣದ ಅಳತೆ ಇನ್ನೂ ಹಾಗೇ ಇತ್ತು.

“ನೀವು ಬಂದೋದ್ ದಿನ್ವೇ ಒಂದ್ ಕಟ್ಟಿದ್ದಿ, ಸರಿಯಾಯ್ತದಾ ನೋಡಾಂವ ಅಂತ. ಪೆಟ್ಗ ಬಿದ್ದೋಯ್ತಂತಲ್ಲ, ಇವ್ರು ಏಳುದ್ರು. ಬಿದ್ದುದ್ದ ಕೇಳಿ ಬೇಜಾರಾಯ್ತು. ಇನ್ ಮೂರೂ ಕಟ್ಕೊಡ್ತೀನಿ. ಆಡ್ಗೋಳು ಏನ್ ಮಾಡಿದ್ದವು ಪಾಪ.”

ಹಿರಿಯರ ಗಾಡಿಗೆ ಅಲ್ಲೇ ಹಾಕಿದ. ಸೀಟಿನ ಕೆಳಗಿನ ಬೋಲ್ಟು ಬಿಚ್ಚಿ, ಪಟ್ಟಿ ಕೂರಿಸಿ, ಮತ್ತೆ ಬಿಗಿದ. ನಾವು ತಂದಿದ್ದ ಹೊಸ ಪೆಟ್ಟಿಗೆಯನ್ನಿಟ್ಟು ಗಾಡಿಯನ್ನು ಜೋರಾಗಿ ಅಲುಗಾಡಿಸಿದ. ಪೆಟ್ಟಿಗೆ ಕದಲಲಿಲ್ಲ. ನಾಲ್ಕಕ್ಕೂ ಸೇರಿ ಎಷ್ಟಾಗುತ್ತದೆಂದು ಕೇಳಿದೆ. ಕಂಬಿಯದು, ಬೆಸುಗೆಯದು, ಕೂಲಿ ಎಂದು ನ್ಯಾಯವಾದ ಬೆಲೆ ಹೇಳಿದ. ಜೀವನದಲ್ಲಿ ಮೊದಲ ಸಲ ನಾನು ಒಂದು ಪೈಸೆ ಚೌಕಾಸಿ ಮಾಡಲಿಲ್ಲ. ದುಡ್ಡು ಎಣಿಸಿ ಕೊಟ್ಟೆ.

ಆಮೇಲೆ ಅಭ್ಯಾಸ ಬಾಯಿ ಬಿಡಿಸಿತು.

“ಒಂದು ರಸೀದಿ ಬರೆದು ಸೀಲು...”

ಅರ್ಧಕ್ಕೇ ನಿಲ್ಲಿಸಿದೆ. ಆದರೆ ಅವನಿಗೆ ಕೇಳಿಸಿತ್ತು. ಗೋಡೆಯ ಮೇಲಿನ ಅಳತೆಯನ್ನು ನೋಡುತ್ತಾ, ಕೈಯನ್ನು ಬಟ್ಟೆಗೆ ಮತ್ತೊಮ್ಮೆ ಒರೆಸಿಕೊಂಡ.

“ಸೀಲ್ ಮಾತ್ರ ಕೇಳ್ಬ್ಯಾಡಿ ಅಕ್ಕ. ಬ್ಯಾರೆ ಏನ್ ಬೇಕಾದ್ರೂ ಮಾಡ್ಕೊಡ್ತೀನಿ.”

ಅಂದು ಕಚೇರಿಗೆ ಬಂದು ಆ ಖರ್ಚಿಗೆ ವೋಚರ್ ಬರೆದೆ. ‘ರಸೀದಿ’ ಎಂಬ ಕಡೆ ‘ಇಲ್ಲ’ ಎಂದು ಬರೆದು ನಾನೇ ಸಹಿ ಹಾಕಿದೆ. ಲೆಕ್ಕ ಪರಿಶೋಧನೆಗೆ ಬಂದವರು ಇಪ್ಪತ್ತು ವರ್ಷದಲ್ಲಿ ಇದೊಂದೇ ಹೀಗಿದೆಯಲ್ಲ, ಯಾಕೆ ಎಂದು ಕೇಳಿದರು. ಅಂಗಡಿಯವನು ಕೊಡಲಿಲ್ಲ ಎಂದರೆ ತಪ್ಪು ಅವನದಾಗುತ್ತಿತ್ತು. “ಕೇಳುವ ಹಕ್ಕು ನನಗಿರಲಿಲ್ಲ” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆ ಮೊತ್ತವನ್ನು ನನ್ನ ಸಂಬಳದಲ್ಲಿ ಹಿಡಿದುಕೊಳ್ಳಲು ಬರೆದು ಹೋದರು.